ಸೂಪರ್‌ಚಾರ್ಜರ್ ಕೂರಿಸುವ ಮುನ್ನ: ಮಾಡಬೇಕಾದ್ದು, ಮಾಡಬಾರದ್ದು

ಯಾರಿಗೆ: ಅಮೆರಿಕದಲ್ಲಿ ಐದು ಲೀಟರ್ ವಿ8 ಎಂಜಿನ್ನಿನ ಮಸ್ಟಾಂಗ್ ಜಿಟಿ ಇಟ್ಟುಕೊಂಡು, ಅದಕ್ಕೊಂದು ಸೂಪರ್‌ಚಾರ್ಜರ್ ಹಾಕಿಸಿಯೇ ತೀರಬೇಕೆಂದು ಹೊರಟಿರುವ ನಮ್ಮ ಕನ್ನಡದ ಗೆಳೆಯರಿಗೆ. ಶನಿವಾರ ಬೆಳಗ್ಗೆ ನನ್ನ ಗ್ಯಾರೇಜಿಗೆ ಬಂದು "ಎಷ್ಟು ಎಚ್‌ಪಿ ಬರುತ್ತೆ?" ಎಂದು ಕೇಳುವವರು ಮೊದಲು ಇದನ್ನು ಓದಬೇಕು. ಓದದೆ ಬಂದವರಿಗೆ ಕಾಫಿ ಉಂಟು, ಸ್ಪ್ಯಾನರ್ ಇಲ್ಲ.

ಎಲ್ಲಕ್ಕೂ ಮೊದಲ ನಿಯಮ

ಎಂಜಿನ್ನಿಗೆ ಬೇಕಾದ್ದು ಗಾಳಿಯ ತೂಕ. ಬೂಸ್ಟ್ ಗೇಜಿನ ಮುಳ್ಳು ತೋರಿಸುವುದು ಒತ್ತಡ. ಇವೆರಡು ಒಂದೇ ಎಂದುಕೊಂಡವರೇ ಪಿಸ್ಟನ್ ಸುಟ್ಟುಕೊಳ್ಳುವುದು.

ಸೈಕಲ್ಲಿಗೆ ಗಾಳಿ ಹೊಡೆದವರಿಗೆ ಗೊತ್ತು, ಇಪ್ಪತ್ತು ಸಲ ಒತ್ತಿದರೆ ಪಂಪಿನ ಬುಡ ಕೈ ಸುಡುತ್ತದೆ. ಹಿಂಡಿದ ಗಾಳಿ ಬಿಸಿಯಾಗುತ್ತದೆ, ಬಿಸಿಯಾದ ಗಾಳಿ ಹಿಗ್ಗಿ ಹಗುರಾಗುತ್ತದೆ. ಲೆಕ್ಕ ನೋಡಿ. ಹೊರಗೆ 35 ಡಿಗ್ರಿ ಸೆಲ್ಸಿಯಸ್ ಇದೆ, ಸೂಪರ್‌ಚಾರ್ಜರ್ 10 ಪಿಎಸ್‌ಐ ಒತ್ತುತ್ತಿದೆ ಎನ್ನಿ. ಸಮುದ್ರಮಟ್ಟದಲ್ಲಿ ಒಟ್ಟು ಒತ್ತಡ ವಾತಾವರಣದ್ದರ 1.68 ಪಟ್ಟು. ಯಂತ್ರದ ದಕ್ಷತೆ 75% ಇದ್ದರೂ ಹೊರಬರುವ ಗಾಳಿ ಸುಮಾರು 100 ಡಿಗ್ರಿ ಇರುತ್ತದೆ. ದಕ್ಷತೆ 60% ಆದರೆ 117 ಡಿಗ್ರಿಯ ಹತ್ತಿರ. ಮೊದಲನೆಯ ಯಂತ್ರವನ್ನೇ ಹಿಡಿದರೆ ಒತ್ತಡ 68% ಏರಿತು, ಸಿಲಿಂಡರಿಗೆ ಹೋಗುವ ಗಾಳಿಯ ತೂಕ ಏರಿದ್ದು ಬರೀ 38%. ಇನ್ನು ನಡುವೆ ಒಂದು ಇಂಟರ್‌ಕೂಲರ್ ಇಡಿ. ಏರಿದ ಬಿಸಿಯಲ್ಲಿ 70% ಅದು ತೆಗೆದುಹಾಕಲಿ, ಅದರೊಳಗೆ ಹಾಯುವಾಗ ಅರ್ಧ ಪಿಎಸ್‌ಐ ಕಳೆದುಹೋಗಲಿ. ಗಾಳಿ 55 ಡಿಗ್ರಿಗೆ ಇಳಿಯುತ್ತದೆ, ತೂಕ ಸುಮಾರು 55% ಏರುತ್ತದೆ. ಗೇಜಿನಲ್ಲಿ ಒತ್ತಡ ಕಡಿಮೆ, ಎಂಜಿನ್ನಿನಲ್ಲಿ ಶಕ್ತಿ ಹೆಚ್ಚು. ಮುಂದಿನ ನಿಯಮಗಳೆಲ್ಲ ಈ ಲೆಕ್ಕದ ಮಕ್ಕಳು.

1. ಬಗೆ ಆರಿಸುವಾಗ

ಮಾಡಬೇಕಾದ್ದು

ಗಾಡಿಯನ್ನು ಎಲ್ಲಿ ಓಡಿಸುತ್ತೀರಿ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ತನ್ನಿ. ಆಫೀಸಿಗೆ ದಿನಾ ಹೋಗಿಬರುವುದೋ, ಕಾಲು ಮೈಲಿ ಡ್ರ್ಯಾಗ್ ಓಟವೋ, ಟ್ರ್ಯಾಕಿನ ಮೇಲೆ ಇಪ್ಪತ್ತು ನಿಮಿಷ ಬಿಡದೆ ಸುತ್ತುವುದೋ? ಓಟ ಬದಲಾದರೆ ಉತ್ತರವೂ ಬದಲಾಗುತ್ತದೆ.

ಮೂರು ಬಗೆಗಳ ಗುಣ ತಿಳಿದುಕೊಳ್ಳಿ.

ರೂಟ್ಸ್: ಮೂರರಲ್ಲಿ ಹಿರಿಯದು. ಇಂಡಿಯಾನಾ ರಾಜ್ಯದ ರೂಟ್ಸ್ ಸಹೋದರರು 1860ರಲ್ಲಿ ಪೇಟೆಂಟ್ ಪಡೆದ ಗಾಳಿಯಂತ್ರ ಇದು. ಕಾರು ಹುಟ್ಟುವ ಮೊದಲೇ ಕುಲುಮೆಗಳಿಗೆ ಗಾಳಿ ಊದುತ್ತಿತ್ತು. ಬಿಚ್ಚಿ ನೋಡಿದರೆ ಕಬ್ಬಿನ ಗಾಣದ ಉರುಳೆಗಳ ನೆನಪಾಗುತ್ತದೆ, ಆದರೆ ಕಬ್ಬಿನ ಹಾಗೆ ಗಾಳಿ ಎರಡು ಉರುಳೆಗಳ ನಡುವೆ ಹಾಯುವುದಿಲ್ಲ. ಹೊರಗೋಡೆಗೆ ಒತ್ತಿಕೊಂಡು ಸುತ್ತಿಬಂದು ಮ್ಯಾನಿಫೋಲ್ಡಿಗೆ ಬೀಳುತ್ತದೆ. ಯಂತ್ರದ ಒಳಗೆ ಗಾಳಿ ಹಿಂಡಿಕೊಳ್ಳುವುದೇ ಇಲ್ಲ, ಹೊರಗೆ ಆಗಲೇ ತುಂಬಿಕೊಂಡಿರುವ ಗಾಳಿಗೆ ಡಿಕ್ಕಿ ಹೊಡೆದಾಗ ಹಿಂಡಿಕೊಳ್ಳುತ್ತದೆ. ಹಾಗಾಗಿ ಒತ್ತಡ ಏರಿದಂತೆ ಬಿಸಿ ಬೇಗ ಏರುತ್ತದೆ. ಲಾಭ ಏನೆಂದರೆ ಕಾಲಿಟ್ಟ ಕೂಡಲೇ ಪಿಕಪ್.

ಟ್ವಿನ್ ಸ್ಕ್ರೂ: ಸ್ವೀಡನ್ನಿನ ಆಲ್ಫ್ ಲಿಶೋಲ್ಮ್ 1930ರ ದಶಕದಲ್ಲಿ ರೂಪಿಸಿದ್ದು. ಒಂದರೊಳಗೊಂದು ಹೆಣೆದುಕೊಂಡ ಎರಡು ಸ್ಕ್ರೂಗಳು ಗಾಳಿಯನ್ನು ಮುಂದೆ ತಳ್ಳುತ್ತಲೇ ಒಳಗೇ ಹಿಂಡುತ್ತವೆ. ಹೆಚ್ಚು ಒತ್ತಡಕ್ಕೆ ಹೋದಾಗ ಹಳೆಯ ರೂಟ್ಸಿಗಿಂತ ತಂಪು. ಪಿಕಪ್ಪೂ ಕೆಳಗಿನಿಂದಲೇ ಸಿಗುತ್ತದೆ. 2005ರ ಫೋರ್ಡ್ ಜಿಟಿಯಲ್ಲಿ, 2015ರಲ್ಲಿ 707 ಎಚ್‌ಪಿಯೊಂದಿಗೆ ಬಂದ ಡಾಡ್ಜ್ ಹೆಲ್‌ಕ್ಯಾಟ್‌ನಲ್ಲಿ ಇದ್ದದ್ದು ಇದೇ.

ಸೆಂಟ್ರಿಫ್ಯೂಗಲ್: ಟರ್ಬೊದ ಅರ್ಧ ಭಾಗ ಎನ್ನಿ. ತಿರುಗಿಸುವುದು ಸೈಲೆನ್ಸರಿನ ಹೊಗೆಯಲ್ಲ, ಬೆಲ್ಟು. ಚಕ್ರ ಕವಣೆಯ ಹಾಗೆ ಗಾಳಿಯನ್ನು ಹೊರಕ್ಕೆ ಎಸೆಯುತ್ತದೆ, ಒಳಗಿನ ಗಿಯರಿನಿಂದಾಗಿ ನಿಮಿಷಕ್ಕೆ 50,000 ಸುತ್ತು ದಾಟುವುದು ಸಾಮಾನ್ಯ. ವೇಗ ಎರಡು ಪಟ್ಟಾದರೆ ಒತ್ತಡ ಹೆಚ್ಚುಕಡಿಮೆ ನಾಲ್ಕು ಪಟ್ಟಾಗುತ್ತದೆ. ಅದನ್ನೇ ತಿರುಗಿಸಿ ಓದಿ: 7000 ಆರ್‌ಪಿಎಂನಲ್ಲಿ 10 ಪಿಎಸ್‌ಐ ಕೊಡುವ ಯಂತ್ರ 3500ರಲ್ಲಿ ಕೊಡುವುದು ಎರಡೂವರೆ ಮಾತ್ರ. ಇದು ಎಂಜಿನ್ನಿನ ಮುಂದೆ, ಆಲ್ಟರ್ನೇಟರಿನ ನೆರೆಯಲ್ಲಿ ಕೂರುತ್ತದೆ. ಸಿಲಿಂಡರ್ ತಲೆಗಳ ಬಿಸಿಯಿಂದ ದೂರ, ಮುಂದಿನ ಬಂಪರಿನ ಇಂಟರ್‌ಕೂಲರಿಗೆ ಹತ್ತಿರ.

ಚೀಟಿಗೂ ಯಂತ್ರಕ್ಕೂ ತಾಳೆ ಹಾಕಿ. ಊರೊಳಗಿನ ಓಡಾಟ, ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ಮಜಾ ಬೇಕೆಂದರೆ ಇಂದಿನ ರೂಟ್ಸ್ ಅಥವಾ ಸ್ಕ್ರೂ. ಎಂಜಿನ್ ಸದಾ ಮೇಲಿನ ಆರ್‌ಪಿಎಂನಲ್ಲೇ ಕೂಗುವ ಟ್ರ್ಯಾಕ್ ಓಟಕ್ಕೆ, ಹಿಂದಿನ ಟೈರು ಹಿಡಿತ ಬಿಡದೆ ಶಕ್ತಿ ಮೆಲ್ಲಗೆ ಏರಲಿ ಎನ್ನುವವರಿಗೆ ಸೆಂಟ್ರಿಫ್ಯೂಗಲ್.

ಮಾಡಬಾರದ್ದು

ಶಿಳ್ಳೆ ಕೇಳಿ ಮಾಲು ಕೊಳ್ಳಬೇಡಿ. ಶಬ್ದ ಚೆನ್ನಾಗಿದೆ, ನಿಜ. ಅದಕ್ಕೆ ಎಚ್‌ಪಿ ಇಲ್ಲ.

"ರೂಟ್ಸ್ ಎಂದರೆ ಬಿಸಿ ಒಲೆ" ಎಂಬ ಹಳೆಯ ಮಾತನ್ನು ಇಂದಿನ ಯಂತ್ರಕ್ಕೆ ಅಂಟಿಸಬೇಡಿ. ಈಟನ್ ಕಂಪನಿಯ ಟಿವಿಎಸ್ ಸರಣಿಯಲ್ಲಿ ಒಂದೊಂದು ಉರುಳೆಗೆ ನಾಲ್ಕು ಏಣು, 160 ಡಿಗ್ರಿ ತಿರುವು. ಹಳೆಯ ಮೂರು ಏಣಿನ ಯಂತ್ರಕ್ಕಿಂತ ಎಷ್ಟೋ ತಂಪಾಗಿ ಉಸಿರಾಡುತ್ತದೆ. 2009ರ ಕಾರ್ವೆಟ್ ಜೆಡ್‌ಆರ್1 ಇದರ ಬಲದಲ್ಲೇ 638 ಎಚ್‌ಪಿ ಕೊಟ್ಟಿತು. 2020ರ ಶೆಲ್ಬಿ ಜಿಟಿ500ರ 760 ಎಚ್‌ಪಿಗೂ ಇದೇ ಸರಣಿಯ 2.65 ಲೀಟರ್ ಯಂತ್ರವೇ ಆಧಾರ.

ಸಿಕ್ಕಿದ್ದರಲ್ಲಿ ಅತಿ ದೊಡ್ಡದನ್ನು ತಂದು ಕೂರಿಸಬೇಡಿ. ಮೂಗಿಗಿಂತ ಮೂಗುತಿ ಭಾರವಾದರೆ ಹರಿಯುವುದು ಮೂಗೇ. ಬೆಲ್ಟು ಪುಕ್ಕಟೆ ತಿರುಗುವುದಿಲ್ಲ. ಹೆಲ್‌ಕ್ಯಾಟ್‌ನ ಸೂಪರ್‌ಚಾರ್ಜರ್ ಪೂರ್ತಿ ವೇಗದಲ್ಲಿ ಎಂಜಿನ್ನಿನಿಂದ ಸುಮಾರು 80 ಎಚ್‌ಪಿ ತಾನೇ ತಿನ್ನುತ್ತದೆ.

ಶಕ್ತಿ ಅಳೆಯುವ ಡೈನೊ ಯಂತ್ರದ ಹಾಳೆಯ ತುದಿಯ ಅಂಕಿ ಒಂದನ್ನೇ ಹಿಡಿದು ಎರಡು ಕಿಟ್ ಹೋಲಿಸಬೇಡಿ. 3000ದಿಂದ 5000ದವರೆಗಿನ ಗೆರೆ ನೋಡಿ. ನೀವು ಬದುಕುವುದು ಅಲ್ಲಿ.

2. ಪುಲ್ಲಿ, ಬೆಲ್ಟು, ಒತ್ತಡ

ಮಾಡಬೇಕಾದ್ದು

ಪುಲ್ಲಿಯ ಲೆಕ್ಕ ನೀವೇ ಮಾಡಿ, ಅಂಗಡಿಯವರ ಬಾಯಿಮಾತು ಸಾಲದು. ಕ್ರ್ಯಾಂಕ್ ಪುಲ್ಲಿ 7.5 ಇಂಚು, ಸೂಪರ್‌ಚಾರ್ಜರಿನದು 3 ಇಂಚು ಆದರೆ ಅನುಪಾತ 2.5. ಎಂಜಿನ್ 7000ಕ್ಕೆ ಹೋದಾಗ ಉರುಳೆಗಳು 17,500ಕ್ಕೆ ಹೋಗುತ್ತವೆ. ಪುಲ್ಲಿಯನ್ನು ಕಾಲು ಇಂಚು ಚಿಕ್ಕದು ಮಾಡಿ ನೋಡಿ, 19,000 ದಾಟಿತು. ತಯಾರಕರು ಕೊಟ್ಟಿರುವ ಗರಿಷ್ಠ ವೇಗದ ಪಕ್ಕ ಈ ಅಂಕಿ ಬರೆದು ತೋರಿಸಿ, ಆಮೇಲೆ ಬೋಲ್ಟು ಬಿಚ್ಚೋಣ.

ಬೈಪಾಸ್ ವಾಲ್ವು ಸರಿಯಾಗಿ ತೆರೆದು ಮುಚ್ಚುತ್ತದೆಯೇ ನೋಡಿ. ರೂಟ್ಸ್, ಸ್ಕ್ರೂ ಎರಡರಲ್ಲೂ ಹಗುರವಾಗಿ ಓಡಿಸುವಾಗ ಗಾಳಿಯನ್ನು ಸುತ್ತಿ ಬಿಡುವುದು ಇದೇ. ಸೆಂಟ್ರಿಫ್ಯೂಗಲ್ಲಿನಲ್ಲಿ ಥಟ್ಟನೆ ಕಾಲು ತೆಗೆದಾಗ ಗಾಳಿ ಹಿಮ್ಮೊಗವಾಗಿ ಚಕ್ರಕ್ಕೆ ಬಡಿಯದ ಹಾಗೆ ಕಾಯುವ ವಾಲ್ವೂ ಬೇಕೇಬೇಕು.

ಸೂಪರ್‌ಚಾರ್ಜರಿಗೆ ತನ್ನದೇ ಗಿಯರ್ ಎಣ್ಣೆ ಇದೆಯೋ, ಎಂಜಿನ್ನಿನ ಎಣ್ಣೆಯನ್ನೇ ಕುಡಿಯುತ್ತದೆಯೋ ತಿಳಿದುಕೊಂಡು, ಬದಲಿಸುವ ಅವಧಿಯನ್ನು ಬಾನೆಟ್ಟಿನ ಒಳಗೆ ಬರೆದು ಅಂಟಿಸಿ.

ಈ ಐದು ಲೀಟರ್ ಎಂಜಿನ್ನಿನ ಆಯಿಲ್ ಪಂಪಿನ ಗಿಯರುಗಳು ಪುಡಿಲೋಹ ಒತ್ತಿ ಮಾಡಿದವು. ಸೂಪರ್‌ಚಾರ್ಜರ್ ಹಾಕಿ 7000ಕ್ಕೆ ಮೇಲೆ ಎಳೆಯುವವರು ಗಟ್ಟಿ ಉಕ್ಕಿನ ಗಿಯರ್ ಹಾಕಿಸಿಕೊಂಡೇ ಮುಂದಿನ ಮಾತಾಡಿ.

ಮಾಡಬಾರದ್ದು

ಗೇಜಿನ ಅಂಕಿಯನ್ನು ಮೆಡಲ್ ಮಾಡಿಕೊಳ್ಳಬೇಡಿ. ಅಲ್ಲಿ ಕಾಣುವ ಒತ್ತಡ ಎಂದರೆ ಎಂಜಿನ್ ನುಂಗಲಾರದೆ ಬಾಗಿಲ ಹೊರಗೆ ಸಾಲು ನಿಂತ ಗಾಳಿ. ಒಳ್ಳೆಯ ಹೆಡ್ಡು, ಒಳ್ಳೆಯ ಎಗ್ಜಾಸ್ಟ್ ಹಾಕಿದರೆ ಅದೇ ಪುಲ್ಲಿಯಲ್ಲಿ ಒತ್ತಡ ಇಳಿದು ಶಕ್ತಿ ಏರುತ್ತದೆ. "ಏನೋ ಸೋರ್ತಿದೆ" ಎಂದು ಫೋನ್ ಮಾಡಬೇಡಿ.

ಬೆಲ್ಟು ಜಾರಿದರೆ ಪುಡಿ, ಸ್ಪ್ರೇ ಹೊಡೆದು ಸುಮ್ಮನಾಗಬೇಡಿ. ಟೆನ್ಷನರ್ ನೋಡಿ, ಪುಲ್ಲಿಗಳು ಒಂದೇ ಗೆರೆಯಲ್ಲಿವೆಯೇ ನೋಡಿ.

3. ಇಂಟರ್‌ಕೂಲರ್

ಮಾಡಬೇಕಾದ್ದು

ಬಜೆಟ್ಟಿನಲ್ಲಿ ಮೊದಲ ಸಾಲು ಇದಕ್ಕೇ ಬರೆಯಿರಿ. ಸೂಪರ್‌ಚಾರ್ಜರ್ ಈಗ, ಇಂಟರ್‌ಕೂಲರ್ ಮುಂದಿನ ವರ್ಷದ ಬೋನಸ್ಸಿನಲ್ಲಿ ಎನ್ನುವವರು ಬೆಂಕಿ ಬಿದ್ದ ಮೇಲೆ ಬಾವಿ ತೋಡುವವರು.

ಗಾಳಿಯದೋ ನೀರಿನದೋ ಎಂಬುದನ್ನು ಯಂತ್ರದ ಜಾಗ ನೋಡಿ ತೀರ್ಮಾನಿಸಿ. ಸೆಂಟ್ರಿಫ್ಯೂಗಲ್ಲಿಗೆ ಹೇಗೂ ಪೈಪು ಎಳೆಯಲೇಬೇಕು, ಹಾಗಾಗಿ ಬಂಪರಿನ ಹಿಂದೆ ಗಾಳಿಯಿಂದಲೇ ತಣಿಯುವ ಇಂಟರ್‌ಕೂಲರ್ ಸಲೀಸು. ಪಂಪಿಲ್ಲ, ನೀರಿಲ್ಲ, ಕೆಡುವುದಕ್ಕೆ ಏನೂ ಇಲ್ಲ. ಗಾಡಿ ಓಡುತ್ತಿರುವಷ್ಟು ಹೊತ್ತೂ ತಂಪು. ಎಂಜಿನ್ನಿನ ವಿ ಕಣಿವೆಯಲ್ಲೇ ಕೂರುವ ರೂಟ್ಸ್, ಸ್ಕ್ರೂಗಳಿಗೆ ಅಷ್ಟು ಪೈಪಿಗೆ ಜಾಗವಿಲ್ಲ. ಅವಕ್ಕೆ ಮ್ಯಾನಿಫೋಲ್ಡಿನ ಒಳಗೇ ಇಟ್ಟಿಗೆಯಾಕಾರದ ನೀರಿನ ಇಂಟರ್‌ಕೂಲರ್, ಮುಂದೆ ಒಂದು ಪುಟ್ಟ ರೇಡಿಯೇಟರ್, ನಡುವೆ ವಿದ್ಯುತ್ ಪಂಪು, ನೀರಿನ ಡಬ್ಬಿ.

ನೀರಿನದನ್ನು ಆರಿಸಿದವರು ಅದರ ಗುಣವನ್ನೂ ದೋಷವನ್ನೂ ಒಟ್ಟಿಗೆ ಒಪ್ಪಿಕೊಳ್ಳಿ. ತೂಕಕ್ಕೆ ತೂಕ ನೋಡಿದರೆ ನೀರು ಗಾಳಿಗಿಂತ ನಾಲ್ಕು ಪಟ್ಟು ಬಿಸಿ ಹೀರುತ್ತದೆ. ಹತ್ತು ಸೆಕೆಂಡಿನ ಓಟಕ್ಕೆ ಇದರಷ್ಟು ಒಳ್ಳೆಯದಿಲ್ಲ. ಡ್ರ್ಯಾಗ್ ಓಟದವರು ಡಬ್ಬಿಗೆ ಐಸು ಸುರಿಯುವುದು ಅದಕ್ಕೇ. 2018ರ ಡಾಡ್ಜ್ ಡೀಮನ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಓಟದ ಹೊತ್ತಿಗೆ ಎಸಿಯ ತಂಪನ್ನು ಒಳಗೆ ಕೂತವರಿಂದ ಕಿತ್ತು ಇಂಟರ್‌ಕೂಲರಿನ ನೀರಿಗೆ ಕೊಟ್ಟಿತು. ಆದರೆ ಹೀರಿದ ಬಿಸಿಯನ್ನು ಮುಂದಿನ ರೇಡಿಯೇಟರ್ ಹೊರಹಾಕದಿದ್ದರೆ ಆ ನೀರೇ ಬಿಸಿನೀರಿನ ಹಂಡೆ. ಟ್ರ್ಯಾಕ್ ಮೇಲೆ ಸುತ್ತುವವರು ದೊಡ್ಡ ರೇಡಿಯೇಟರ್, ಹೆಚ್ಚು ಹರಿಸುವ ಪಂಪು ಎರಡನ್ನೂ ಕೂಡಿಯೇ ಕೊಳ್ಳಬೇಕು.

ಇಂಟರ್‌ಕೂಲರ್ ದಾಟಿ ಬಂದ ಗಾಳಿಯ ಬಿಸಿ ತೋರಿಸುವ ಮೀಟರನ್ನು ಕಣ್ಣಿಗೆ ಬೀಳುವ ಕಡೆ ಇಡಿ. ಬೂಸ್ಟ್ ಗೇಜಿಗಿಂತ ಇದು ಮುಖ್ಯ. ನನ್ನ ಗ್ಯಾರೇಜಿನ ಗೆರೆ 65 ಡಿಗ್ರಿ. ದಾಟಿದರೆ ಕಾಲು ತೆಗೆಯಿರಿ, ಒಂದು ಸುತ್ತು ಮೆಲ್ಲಗೆ ಓಡಿಸಿ.

ನೀರು ತುಂಬಿದ ಮೇಲೆ ಒಳಗಿನ ಗಾಳಿಯನ್ನು ಪೂರ್ತಿ ಹೊರಡಿಸಿ. ಇದು ನನ್ನ ಸ್ವಂತ ಗಾಡಿಯಲ್ಲಿ ಕಲಿತ ಪಾಠ. ಆಗಸ್ಟ್ ತಿಂಗಳು, ಹೊರಗೆ 34 ಡಿಗ್ರಿ. ಮೊದಲ ಎಳೆತಕ್ಕೆ ಮೀಟರ್ 52 ತೋರಿಸಿತು, ಎರಡನೆಯದಕ್ಕೆ 71, ಮೂರನೆಯದಕ್ಕೆ 88. ಕಂಪ್ಯೂಟರ್ ಸ್ಪಾರ್ಕ್ ಟೈಮಿಂಗ್ ಹಿಂದಕ್ಕೆಳೆದು, ಗಾಡಿ ಸಕ್ಕರೆ ಮೂಟೆ ಹೊತ್ತ ಹಾಗೆ ಆಯಿತು. ಬಾನೆಟ್ ಎತ್ತಿದೆ. ಪಂಪು ಗುಂಯ್‌ಗುಡುತ್ತಿತ್ತು. ಮ್ಯಾನಿಫೋಲ್ಡಿನ ಹತ್ತಿರದ ಹೋಸು ಮುಟ್ಟಲಾಗದಷ್ಟು ಬಿಸಿ. ಮುಂದೆ ಬಗ್ಗಿ ಪುಟ್ಟ ರೇಡಿಯೇಟರಿಗೆ ಕೈಯಿಟ್ಟರೆ ಬಾವಿಕಟ್ಟೆಯ ಕಲ್ಲಿನ ಹಾಗೆ ತಣ್ಣಗಿತ್ತು. ಆ ತಂಪಿನಲ್ಲೇ ಉತ್ತರ ಇತ್ತು: ಬಿಸಿನೀರು ಅಲ್ಲಿಯವರೆಗೆ ಬಂದೇ ಇಲ್ಲ. ಫ್ಯಾನಿನ ಮೇಲೆ ಹಾದುಹೋದ ಹೋಸಿನ ಗೂನಿನಲ್ಲಿ ಅಂಗೈಯಷ್ಟು ಗಾಳಿ ಕೂತು ದಾರಿ ಕಟ್ಟಿತ್ತು. ಗಾಡಿ ತಣಿಯಲು ಬಿಟ್ಟು, ಮೂತಿಯನ್ನು ಜಾಕಿನ ಮೇಲೆ ಎತ್ತಿ, ಡಬ್ಬಿಯನ್ನು ಎಲ್ಲಕ್ಕಿಂತ ಮೇಲೆ ಹಿಡಿದು, ಹೋಸನ್ನು ಹಸುವಿನ ಕೆಚ್ಚಲಿನಂತೆ ಹಿಂಡುತ್ತ ಕೂತೆ. ಗುಳುಗುಳು ಗುಳ್ಳೆಗಳು ಬಂದು, ಆಮೇಲೆ ಡಬ್ಬಿಯ ನೀರು ಸುಳಿಸುತ್ತತೊಡಗಿತು. ಮರುದಿನ ಅದೇ ರಸ್ತೆಯಲ್ಲಿ ಮೂರನೆಯ ಎಳೆತಕ್ಕೂ ಮೀಟರ್ 60 ದಾಟಲಿಲ್ಲ. ಅಂದಿನಿಂದ ನಿಯಮ ಇಷ್ಟು: ಪಂಪಿನ ಶಬ್ದವನ್ನು ನಂಬಬೇಡಿ, ಡಬ್ಬಿಯ ಸುಳಿಯನ್ನು ನಂಬಿ.

ಮಾಡಬಾರದ್ದು

ಇಂಟರ್‌ಕೂಲರಿನ ನೀರನ್ನು ಎಂಜಿನ್ನಿನ ರೇಡಿಯೇಟರಿಗೆ ಜೋಡಿಸಬೇಡಿ. ಆ ನೀರು 90 ಡಿಗ್ರಿಯ ಆಸುಪಾಸಿನಲ್ಲಿ ಓಡುತ್ತದೆ. ಅದರಿಂದ ಗಾಳಿ ತಣಿಸುವುದು ಬಿಸಿ ಸಾರಿನಲ್ಲಿ ಮಜ್ಜಿಗೆ ಪಾತ್ರೆ ಇಟ್ಟ ಹಾಗೆ.

ಪುಟ್ಟ ರೇಡಿಯೇಟರನ್ನು ಎಸಿ ಕಂಡೆನ್ಸರಿನ ಹಿಂದೆ ಬಚ್ಚಿಡಬೇಡಿ. ಹೊಸ ಗಾಳಿ ಮೊದಲು ಅದಕ್ಕೆ ತಾಕಬೇಕು.

ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟುವ ಊರಿನಲ್ಲಿದ್ದು ಬರೀ ನೀರು ತುಂಬಬೇಡಿ, ಮ್ಯಾನಿಫೋಲ್ಡಿನ ಒಳಗಿನ ಇಂಟರ್‌ಕೂಲರ್ ಸೀಳಿದರೆ ನೀರು ನೇರ ಸಿಲಿಂಡರಿಗೆ. ಹಿಮವೇ ಕಾಣದ ಊರಿನವರು ಕೂಲಂಟನ್ನು ಸುಮ್ಮನೆ ಅರ್ಧಕ್ಕರ್ಧ ಬೆರೆಸಬೇಡಿ. ಬರೀ ನೀರೇ ಹೆಚ್ಚು ಬಿಸಿ ಹೀರುವುದು, ತುಕ್ಕು ತಡೆಯುವಷ್ಟು ಕೂಲಂಟ್ ಸಾಕು.

ಅಗತ್ಯಕ್ಕಿಂತ ದಪ್ಪನೆಯ ಗಾಳಿ ಇಂಟರ್‌ಕೂಲರ್ ಹಾಕಿ ಹಿಂದಿನ ರೇಡಿಯೇಟರಿನ ಉಸಿರು ಕಟ್ಟಿಸಬೇಡಿ.

ಎಂಜಿನ್ನಿನ ತಲೆಯ ಮೇಲೆ ಕೂತ ಇಂಟರ್‌ಕೂಲರಿಗೆ ನಿಂತಲ್ಲಿ ತಂಪು ಸಿಗುತ್ತದೆ ಎಂದುಕೊಳ್ಳಬೇಡಿ. 2002ರಿಂದ 2006ರವರೆಗೆ ಬಂದ ಸೂಪರ್‌ಚಾರ್ಜರಿನ ಮಿನಿ ಕೂಪರ್ ಎಸ್‌ನಲ್ಲಿ ಅದು ಹಾಗೆಯೇ ಕೂತಿತ್ತು, ಬಾನೆಟ್ಟಿನ ಬಾಯಿಂದ ಗಾಳಿ ಕುಡಿಯುತ್ತಿತ್ತು. ಗಾಡಿ ಸಿಗ್ನಲ್ಲಿನಲ್ಲಿ ನಿಂತರೆ ಆ ಬಾಯಿಗೆ ಗಾಳಿಯಿಲ್ಲ, ಕೆಳಗಿನಿಂದ ಎಂಜಿನ್ನಿನ ಕಾವು.

4. ಪೆಟ್ರೋಲು, ಟ್ಯೂನಿಂಗ್

ಮಾಡಬೇಕಾದ್ದು

ನಿಮ್ಮ ಗಾಡಿಯ ವರ್ಷ ಹೇಳಿ. 2011ರಿಂದ 2017ರವರೆಗಿನ ಎಂಜಿನ್ನಿನಲ್ಲಿ ಕಂಪ್ರೆಷನ್ 11:1, 2018ರಿಂದ 12:1. ಫೋರ್ಡ್ ಕಂಪನಿ ತಾನೇ ಸೂಪರ್‌ಚಾರ್ಜರ್ ಹಾಕಿದ 2020ರ ಜಿಟಿ500ಕ್ಕೆ ಇಟ್ಟದ್ದು 9.5:1. ಇದರ ಅರ್ಥ ಮಾಡಿಕೊಳ್ಳಿ: ನಿಮ್ಮ ಎಂಜಿನ್ ಮೊದಲೇ ಬಿಗಿಯಾಗಿ ಹಿಂಡುತ್ತಿದೆ, ಅದರ ಮೇಲೆ ಸೂಪರ್‌ಚಾರ್ಜರ್. ನಾಕಿಂಗಿಗೆ, ಅಂದರೆ ಪೆಟ್ರೋಲು ತಾನಾಗಿ ಸಿಡಿಯುವುದಕ್ಕೆ, ಇರುವ ಅಂತರ ಕೂದಲೆಳೆಯಷ್ಟು, ಇಂಟರ್‌ಕೂಲರ್ ಕಾಯುವುದು ಆ ಅಂತರವನ್ನೇ.

ಇಂಜೆಕ್ಟರ್, ಫ್ಯೂಯೆಲ್ ಪಂಪುಗಳ ಸಾಮರ್ಥ್ಯ ಮೊದಲು ಲೆಕ್ಕ ಹಾಕಿ. ಎಥೆನಾಲ್ ಬೆರೆಸಿದ ಇ85 ಹಾಕುವವರು ಪೆಟ್ರೋಲಿಗಿಂತ ಸುಮಾರು 30% ಹೆಚ್ಚು ಇಂಧನ ಹರಿಯಬೇಕು ಎಂಬುದನ್ನು ಆ ಲೆಕ್ಕದಲ್ಲೇ ಸೇರಿಸಿ.

ಒಂದು ಹೆಜ್ಜೆ ತಣ್ಣನೆಯ ಸ್ಪಾರ್ಕ್ ಪ್ಲಗ್ ಹಾಕಿ, ಅಂತರ ಕಿರಿದು ಮಾಡಿ. ವೈಡ್‌ಬ್ಯಾಂಡ್ ಮೀಟರ್ ಕೂರಿಸಿ. ಟ್ಯೂನ್ ಮಾಡಿಸುವ ದಿನ ಗಾಡಿಯಲ್ಲಿ ನೀವು ದಿನಾ ಹಾಕಿಸುವ ಪೆಟ್ರೋಲೇ ಇರಲಿ.

ಮಾಡಬಾರದ್ದು

ಕಿಟ್ ಕೂರಿಸಿ, ಟ್ಯೂನ್ ಮಾಡಿಸದೆ, "ಮೆಲ್ಲಗೆ ಮನೆವರೆಗೆ" ಎಂದು ಗಾಡಿ ಹೊರಡಿಸಬೇಡಿ. ಟ್ರೈಲರ್ ತನ್ನಿ.

ಗೆಳೆಯನ ಗಾಡಿಯ ಟ್ಯೂನ್ ಫೈಲನ್ನು ನಿಮ್ಮದಕ್ಕೆ ತುಂಬಬೇಡಿ. ಪಕ್ಕದ ಮನೆಯವರ ಕನ್ನಡಕ ಹಾಕಿಕೊಂಡು ಗಾಡಿ ಓಡಿಸುತ್ತೀರಾ?

ನಾಕಿಂಗ್ ಸದ್ದು ಕೇಳಿಯೂ "ಇನ್ನೊಂದೇ ಎಳೆತ" ಎನ್ನಬೇಡಿ. ಪಿಸ್ಟನ್ ಒಡೆಯುವುದು ಆ ಇನ್ನೊಂದರಲ್ಲೇ.

5. ಕಾನೂನು, ವಿಮೆ

ಮಾಡಬೇಕಾದ್ದು

ಕ್ಯಾಲಿಫೋರ್ನಿಯಾದವರು ಕಿಟ್ಟಿಗೆ ಅಲ್ಲಿನ ಏರ್ ರಿಸೋರ್ಸಸ್ ಬೋರ್ಡಿನ ಅನುಮತಿ ಸಂಖ್ಯೆ ಇದೆಯೇ ನೋಡಿಯೇ ದುಡ್ಡು ಕೊಡಬೇಕು. ಆ ಚೀಟಿ ಬಾನೆಟ್ಟಿನ ಒಳಗೆ ಇರಲಿ, ಇಲ್ಲದಿದ್ದರೆ ಸ್ಮಾಗ್ ಚೆಕ್ ದಾಟುವುದಿಲ್ಲ. ವಿಮಾ ಕಂಪನಿಗೆ ಬರವಣಿಗೆಯಲ್ಲಿ ತಿಳಿಸಿ. ಬ್ರೇಕು, ಟೈರುಗಳನ್ನು ಹೊಸ ಶಕ್ತಿಗೆ ತಕ್ಕ ಹಾಗೆ ಬದಲಿಸಿ.

ಮಾಡಬಾರದ್ದು

ಊರ ರಸ್ತೆಯಲ್ಲಿ ಪರೀಕ್ಷೆ ಬೇಡ. ಡೈನೊ ಇದೆ, ಟ್ರ್ಯಾಕ್ ಇದೆ.

6. ಬೆಂಗಳೂರಿನಿಂದ ಫೋನ್ ಮಾಡುವವರಿಗೆ

"ಅಣ್ಣ, ಇಲ್ಲೂ ಹಾಕ್ಬೋದಾ?" ಎಂದು ಕೇಳುವ ತಮ್ಮಂದಿರಿಗೆ ಮೂರೇ ಮಾತು.

ರಸ್ತೆಗೆ ನೋಂದಾಯಿಸಿದ ಗಾಡಿಗೆ ಕೈ ಹಾಕಬೇಡಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರ ಮೂಲ ವಿವರಕ್ಕೆ ತಾಳೆಯಾಗದ ಬದಲಾವಣೆಯನ್ನು ಒಪ್ಪುವುದಿಲ್ಲ, 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಟ್ರ್ಯಾಕಿಗೆಂದೇ ಇಟ್ಟ ಗಾಡಿಯಾದರೆ ಟ್ರೈಲರಿನ ಮೇಲೆ ಕೊಯಮತ್ತೂರಿಗೋ ಚೆನ್ನೈಗೋ ಒಯ್ಯಿರಿ.

ಆಕ್ಟೇನ್ ಅಂಕಿ ನೋಡಿ ಮೋಸಹೋಗಬೇಡಿ. ಅಮೆರಿಕದ ಬಂಕಿನ 91 ಬೇರೆ, ಭಾರತದ ಅಳತೆಯ 91 ಬೇರೆ. ಅಮೆರಿಕದ್ದು ಎರಡು ಅಳತೆಗಳ ಸರಾಸರಿ, ಭಾರತದ ಅಳತೆಯಲ್ಲಿ ಅದು 95ರ ಆಸುಪಾಸು. ಅಮೆರಿಕದ 91ರ ಟ್ಯೂನ್ ಫೈಲನ್ನು ಭಾರತದ ಅಳತೆಯ 91ರ ಪೆಟ್ರೋಲಿನ ಮೇಲೆ ಓಡಿಸಿದರೆ ಎಂಜಿನ್ ಉಳಿಯುವುದಿಲ್ಲ.

2016ರಲ್ಲಿ ಭಾರತಕ್ಕೆ ಬಂದ ಮಸ್ಟಾಂಗ್ ಜಿಟಿಯಲ್ಲಿ 395 ಎಚ್‌ಪಿ ಇತ್ತು, ಅಮೆರಿಕದ್ದರಲ್ಲಿ 435. ಅದೇ ಎಂಜಿನ್, ಬೇರೆ ಟ್ಯೂನ್. ಅಮೆರಿಕದ ಡೈನೊ ಹಾಳೆ ಹಿಡಿದು ಭಾರತದ ಗಾಡಿಗೆ ಲೆಕ್ಕ ಕಟ್ಟಬೇಡಿ.

ಯಾರ ಗಾಡಿಗೆ ನಾನು ಕೈ ಹಾಕುವುದಿಲ್ಲ

ಮೊದಲೇ ಎಣ್ಣೆ ಕುಡಿಯುತ್ತಿರುವ ಎಂಜಿನ್ನಿನವರು. ಕಂಪ್ರೆಷನ್ ಪರೀಕ್ಷೆ ಬೇಡ ಎನ್ನುವವರು. ಇಂಟರ್‌ಕೂಲರ್ ಆಮೇಲೆ ನೋಡೋಣ ಎನ್ನುವವರು. ಇವರಿಗೂ ಕಾಫಿ ಉಂಟು.

ಕೊನೆಯ ನಿಯಮ

ಮೊದಲ ಓಟ ಮುಗಿಸಿ ಬಂದ ದಿನ ಬೂಸ್ಟ್ ಗೇಜಿನ ಫೋಟೊ ತೆಗೆದು ಗುಂಪಿಗೆ ಕಳಿಸಬೇಡಿ. ಎಂಜಿನ್ ಆಫ್ ಮಾಡಿ, ಮುಂದೆ ಬಂದು ಬಗ್ಗಿ, ಆ ಪುಟ್ಟ ರೇಡಿಯೇಟರಿಗೆ ಅಂಗೈ ಇಡಿ. ತಣ್ಣಗಿದ್ದರೆ ನನಗೆ ಫೋನ್ ಮಾಡಿ. ಬಿಸಿಯಾಗಿದ್ದರೆ ಸಂತೋಷವಾಗಿ ಮಲಗಿ: ಎಂಜಿನ್ನಿನೊಳಗೆ ಹೋಗಬೇಕಿದ್ದ ಬಿಸಿ ನಿಮ್ಮ ಕೈಯಲ್ಲಿದೆ.